ಜರ್ನಲ್ ಹೊರಡಿಸಲು ಹೋಗಬೇಡಿ, ಹೊರಡಿಸುವವರಿಗೆ ಕೆಲಸ ಮಾಡಿಕೊಡಿ

ಡಿಟಿಪಿ ಅಂಗಡಿ ನಡೆಸುವ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: 'ಮೇಡಂ, ನಾವೇ ಒಂದು ಇಂಟರ್‌ನ್ಯಾಷನಲ್ ರಿಸರ್ಚ್ ಜರ್ನಲ್ ಶುರು ಮಾಡಿ ಪೇಪರ್‌ಗೆ ಇಷ್ಟು ಅಂತ ತೆಗೆದುಕೊಂಡರೆ ಹೇಗೆ?' ಬೇಡ ಎಂದೇ ಹೇಳುತ್ತೇನೆ. ಲೇಖಕರ ದುಡ್ಡಿನಲ್ಲಿ ನಡೆಯುವ ಸಣ್ಣ ಜರ್ನಲ್ಲಿಗೆ ಯಾವ ಲೇಖನವನ್ನೂ ತಿರಸ್ಕರಿಸುವ ಧೈರ್ಯ ಇರುವುದಿಲ್ಲ. ತಿರಸ್ಕರಿಸಿದರೆ ಆ ತಿಂಗಳ ಬಾಡಿಗೆಗೇ ಕುತ್ತು. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಅವುಗಳಲ್ಲಿ ಪ್ರಕಟಿಸಿದ್ದ ಎಷ್ಟೋ ಅತಿಥಿ ಉಪನ್ಯಾಸಕರು ತಲೆಯ ಮೇಲೆ ಕೈಹೊತ್ತು ಕೂತರು. ಅಂಥ ದುಡ್ಡು ನಮಗೆ ಬೇಡ.

ದುಡಿಮೆ ಇರುವುದು ಬೇರೆ ಕಡೆ. ಮುಂಬೈಯ ಮೆಡ್‌ನೋ ಸಂಸ್ಥೆಯನ್ನು ನೋಡಿ. 1990ರ ದಶಕದ ಕೊನೆಗೆ ಹುಟ್ಟಿದ ಅದು ವೈದ್ಯರ ಸಂಘಗಳ ಜರ್ನಲ್‌ಗಳನ್ನು ಅಚ್ಚುಕಟ್ಟಾಗಿ ಹೊರತರುವ ಕೆಲಸ ಹಿಡಿಯಿತು. ಜರ್ನಲ್ ಸಂಘದ್ದೇ, ಲೇಖನ ಆರಿಸುವುದೂ ಅವರೇ. ಆನ್‌ಲೈನಿನಲ್ಲಿ ಓದಲು ಪುಕ್ಕಟೆ. ಹೀಗೆ ಬೆಳೆದ ಕಂಪನಿಯನ್ನು 2011ರಲ್ಲಿ ವೋಲ್ಟರ್ಸ್ ಕ್ಲುವರ್‌ನಂಥ ದೊಡ್ಡ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು.

ನಮ್ಮ ಗಿರಾಕಿಗಳು ಇನ್ನೂ ಸಣ್ಣವರು: ಜಿಲ್ಲಾ ಕೇಂದ್ರದ ಕಾಲೇಜುಗಳು, ಮಠಗಳ ಸಂಶೋಧನಾ ಕೇಂದ್ರಗಳು, ಇತಿಹಾಸ ಅಥವಾ ಜಾನಪದದ ಪರಿಷತ್ತುಗಳು. ಅವರಲ್ಲಿ ವಿದ್ವಾಂಸರಿದ್ದಾರೆ, ಲೇಖನಗಳಿವೆ, ವೆಬ್‌ಸೈಟ್ ನೋಡಿಕೊಳ್ಳುವವರಿಲ್ಲ. 2025ರ ಫೆಬ್ರುವರಿಯಲ್ಲಿ ಯುಜಿಸಿ ಆಮೇಲೆ ತಂದಿದ್ದ 'ಕೇರ್' ಎಂಬ ಒಪ್ಪಿತ ಜರ್ನಲ್‌ಗಳ ಪಟ್ಟಿಯನ್ನೂ ಕೈಬಿಟ್ಟ ಮೇಲೆ ಜರ್ನಲ್ ಒಳ್ಳೆಯದೋ ಅಲ್ಲವೋ ಎಂದು ಆಯಾ ಸಂಸ್ಥೆಗಳೇ ಅಳೆಯಬೇಕಾಗಿದೆ. ಸಂಪಾದಕ ಮಂಡಳಿ ಯಾರು, ಪರಿಶೀಲನೆ ಹೇಗೆ, ಶುಲ್ಕ ಇದೆಯೇ, ಹಕ್ಕು ಯಾರದು ಎಂಬುದು ವೆಬ್‌ಸೈಟಿನಲ್ಲಿ ಎದ್ದು ಕಾಣಬೇಕು. ಅದನ್ನು ಮಾಡಿಕೊಡುವವರಿಗೆ ಈಗ ಕೆಲಸವಿದೆ.

ಸಾಮಗ್ರಿ ಬಹುಪಾಲು ಪುಕ್ಕಟೆ. ಓಪನ್ ಜರ್ನಲ್ ಸಿಸ್ಟಮ್ಸ್ ಅನ್ನುವ ಮುಕ್ತ ತಂತ್ರಾಂಶ ಕೆನಡಾದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್‌ನದು. ಸಾಧಾರಣ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಲೇಖನ ಬರುವುದರಿಂದ ಪ್ರಕಟವಾಗುವವರೆಗಿನ ಎಲ್ಲ ಹಂತ ಅದರಲ್ಲೇ. ಹಾಕುವಾಗ ಒಂದು ಎಚ್ಚರ: ಲೇಖಕರು ಏರಿಸುವ ಕಡತಗಳ ಫೋಲ್ಡರನ್ನು 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ, ಎಲ್ಲರಿಗೂ ತೆರೆದಿರುವ ಫೋಲ್ಡರಿನ ಒಳಗೆ ಇಡಲೇಬೇಡಿ, ಅದರ ಹೊರಗಿಡಿ. ಒಳಗಿಟ್ಟರೆ ಜೂಜಿನ ಜಾಹೀರಾತು ತುರುಕುವವರಿಗೆ ಬಾಗಿಲು ತೆರೆದಿಟ್ಟ ಹಾಗೆ. ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ಇರಲಿ, ನಿಮ್ಮ ಹೆಸರಿನಲ್ಲಿ ಬೇಡ. ನವೀಕರಣ ತಪ್ಪಿದ ಡೊಮೇನನ್ನು ಕೊಂಡು ಅದೇ ಜರ್ನಲಿನ ಹೆಸರಲ್ಲಿ ಹಣ ಕೀಳುವ ಕಳ್ಳರಿದ್ದಾರೆ.

ಐಎಸ್‌ಎಸ್‌ಎನ್, ಅಂದರೆ ಜರ್ನಲನ್ನು ಗುರುತಿಸುವ ಸಂಖ್ಯೆ, ಕೊಡುವುದು ದೆಹಲಿಯ ಸಿಎಸ್‌ಐಆರ್-ನಿಸ್ಪರ್ ಸಂಸ್ಥೆ, ಶುಲ್ಕವಿಲ್ಲ. 'ಕೊಡಿಸುತ್ತೇವೆ' ಎಂದು ದುಡ್ಡು ಕೇಳುವವರನ್ನು ದೂರವಿಡಿ. ಮುದ್ರಿತ ಆವೃತ್ತಿಗೆ ಒಂದು ಸಂಖ್ಯೆ, ಆನ್‌ಲೈನಿಗೆ ಇನ್ನೊಂದು. ಪತ್ರಿಕೆ ನೋಂದಣಿ ಮಾಡಿಸಬೇಕೇ ಎಂದು ಪ್ರಾಂಶುಪಾಲರು ಗಾಬರಿಯಾಗುತ್ತಾರೆ. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯತಕಾಲಿಕಗಳ ಕಾಯ್ದೆ ಶೈಕ್ಷಣಿಕ ಜರ್ನಲನ್ನು ನಿಯತಕಾಲಿಕ ಎಂದು ಎಣಿಸುವುದಿಲ್ಲ. ಆ ಕಲಮನ್ನು ಮುದ್ರಿಸಿ ಕೈಗೆ ಕೊಡಿ.

ನಿಜವಾದ ಖರ್ಚು ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಸಿಗುವ ಶಾಶ್ವತ ಆನ್‌ಲೈನ್ ಗುರುತುಸಂಖ್ಯೆ. ಅದನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ಕನಿಷ್ಠ ವಾರ್ಷಿಕ ಶುಲ್ಕ 2025ರವರೆಗೆ 275 ಡಾಲರ್, ಜೊತೆಗೆ ಹೊಸ ಲೇಖನಕ್ಕೆ ತಲಾ 1 ಡಾಲರ್. ವರ್ಷಕ್ಕೆ 20 ಲೇಖನ ತರುವ ಕಾಲೇಜಿಗೆ ಇದು ಭಾರ. ಪ್ರಾಯೋಜಕ ಸಂಸ್ಥೆಯ ಮೂಲಕ ಸೇರುವ ದಾರಿಯೂ ಇದೆ, ಮೊದಲು ಅದನ್ನು ವಿಚಾರಿಸಿ. ಓದಲು ಪುಕ್ಕಟೆಯಾದ ಜರ್ನಲ್‌ಗಳ ಜಾಗತಿಕ ಸೂಚಿಯಾದ ಡಿಒಎಜೆಗೆ ಅರ್ಜಿ ಹಾಕಲು ಶುಲ್ಕವಿಲ್ಲ.

ಕನ್ನಡ ಜರ್ನಲ್ ಸಿಕ್ಕರೆ ಬಿಡಬೇಡಿ. ನಮ್ಮ ಕೈಚಳಕಕ್ಕೆ ಬೆಲೆ ಬರುವುದು ಅಲ್ಲೇ. ಹಳೆಯ ಸಂಚಿಕೆಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇರುತ್ತವೆ. ಪಿಡಿಎಫ್ ಕಣ್ಣಿಗೆ ಸೊಗಸು, ಆದರೆ ಗೂಗಲ್ಲಿಗೆ ಅದರಲ್ಲಿ ಒಂದು ಕನ್ನಡ ಪದವೂ ಕಾಣುವುದಿಲ್ಲ. ನಲವತ್ತು ವರ್ಷ ಶಾಸನ ಓದಿದ ಮೇಷ್ಟರೊಬ್ಬರ ಲೇಖನ ಹುಡುಕಿದರೂ ಸಿಗದೆ ಹೋಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಗೂಗಲ್ಲಿಗೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವಾಗ ಇಡೀ ಕಡತವನ್ನು ಪರಿವರ್ತಕಕ್ಕೆ ಸುರಿಯಬೇಡಿ. ಹಳೆಯ ಫಾಂಟಿನ ಕನ್ನಡ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ. ಹಾಗಾಗಿ ನಡುವೆ ಬರುವ ನಿಜವಾದ ಇಂಗ್ಲಿಷ್ ಹೆಸರು, ಪುಸ್ತಕದ ಶೀರ್ಷಿಕೆಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅಡಿಟಿಪ್ಪಣಿಗಳೇ ಹೆಚ್ಚು ಕೆಡುವುದು. ವರ್ಡ್‌ನಲ್ಲಿ ಫಾಂಟ್ ಆಧರಿಸಿ ಹುಡುಕಿ, 'ನುಡಿ 01 ಇ' ಇರುವ ಭಾಗವನ್ನಷ್ಟೇ ಆರಿಸಿ ಪರಿವರ್ತಿಸಿ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಶೀರ್ಷಿಕೆ, ಸಾರಾಂಶ, ಲೇಖಕರ ಹೆಸರು ಎರಡೂ ಭಾಷೆಯಲ್ಲಿ ತುಂಬಿ. ಲೇಖಕರ ಹೆಸರಿನ ಇನಿಷಿಯಲ್ ಒಂದು ಸಂಚಿಕೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದರೆ ಗೂಗಲ್ ಸ್ಕಾಲರ್‌ಗೆ ಅವರು ಇಬ್ಬರಾಗಬಹುದು.

ದರವನ್ನು ಮೂರಾಗಿ ಹೇಳಿ: ಸ್ಥಾಪನೆಗೆ ಒಮ್ಮೆ, ಪುಟವಿನ್ಯಾಸ ಪುಟದ ಲೆಕ್ಕದಲ್ಲಿ, ನಿರ್ವಹಣೆ ವರ್ಷಕ್ಕೆ. ಹಳೆಯ ಸಂಚಿಕೆಗಳ ಪರಿವರ್ತನೆಗೆ ಬೇರೆಯೇ ದರ. ಒಂದು ಲೇಖನ ಮಾಡಿ ನೋಡದೆ ಬೆಲೆ ಹೇಳಬೇಡಿ. ಸಂಸ್ಥೆಗಳಲ್ಲಿ ಬಿಲ್ ಸಾಗುವುದು ನಿಧಾನ, ಅರ್ಧ ಮುಂಗಡ ಕೇಳಿ. ಉಳಿದರ್ಧದ ಬಿಲ್ಲನ್ನು ಮಾರ್ಚ್ 31ಕ್ಕೆ ಮುಂಚೆ ಒಪ್ಪಿಸದಿದ್ದರೆ ಮುಂದಿನ ಬಜೆಟ್‌ವರೆಗೆ ಕಾಯಬೇಕಾದೀತು.

ಲೇಖನ ಆರಿಸುವ ವಿಷಯಕ್ಕೆ ಮಾತ್ರ ಕೈಹಾಕಬೇಡಿ. ಕರಾರಿನಲ್ಲೇ ಇದನ್ನು ಬರೆಸಿ. 'ಇವರದ್ದೊಂದು ಬೇಗ ಹಾಕಿಸಿಕೊಡಿ' ಎಂದು ಫೋನ್ ಬಂದಾಗ ಸಂಪಾದಕರ ನಂಬರ್ ಕೊಟ್ಟು ಸುಮ್ಮನಾಗಿ. ಅದೇ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ: ಸಂಸ್ಥೆಯವರು ಬೇರೆಯವರ ಬಳಿ ಹೋಗುವುದಾದರೆ ಕಡತ, ಪಾಸ್‌ವರ್ಡ್, ಡೇಟಾಬೇಸ್ ಎಲ್ಲವನ್ನೂ ಹದಿನೈದು ದಿನದೊಳಗೆ ಒಪ್ಪಿಸುತ್ತೇನೆ ಎಂದು. ನನ್ನ ಬಳಿ ಬಂದ ಸಂಸ್ಥೆಗಳು ಸಹಿ ಮಾಡುವ ಮೊದಲು ಎರಡೆರಡು ಸಲ ಓದುವುದು ಆ ಸಾಲನ್ನೇ.