ಬ್ಲಾಕು, ಫೈಲು, ಹೆಬ್ಬೆಟ್ಟು: ಅಪರೂಪದ ಕ್ಯಾನ್ಸರಿನ ಸಹರೋಗಿಗೆ ನೆರವಾಗುವ ಬಗೆ

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಗಳಿಂದ ಮುಂಬಯಿಯ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬರುವ ರೋಗಿಯ ಕೈಯಲ್ಲಿ ಕಾಗದ ತುಂಬಿದ ಒಂದು ಚೀಲ ಇದ್ದೇ ಇರುತ್ತದೆ. ನೆರವಾಗಲು ಹೊರಟವರು ಮೊದಲು ನೋಡಬೇಕಾದದ್ದು ಆ ಚೀಲವನ್ನು. ಧೈರ್ಯದ ಮಾತು ಆಮೇಲೆ. ಜಿಸ್ಟ್ ಎಂಬ ಜೀರ್ಣಾಂಗದ ಗಡ್ಡೆಗೆ ಏಳು ವರ್ಷದಿಂದ ಮಾತ್ರೆ ನುಂಗುತ್ತ, ವಾರಕ್ಕೊಂದು ದಿನ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದು ಕನ್ನಡದ ರೋಗಿಗಳ ಜೊತೆ ಕೂರುವ ನಾನು ಇದನ್ನು ತಡವಾಗಿಯೇ ಕಲಿತೆ.

ಅಪರೂಪದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಹೆಸರೇ ಮೊದಲು ದಾರಿ ತಪ್ಪುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಮಂದಿಗೆ ಹೊಸದಾಗಿ ಕಾಣಿಸುವ ಕ್ಯಾನ್ಸರನ್ನು ಯುರೋಪಿನ ಸಂಶೋಧಕರು ಅಪರೂಪದ್ದೆಂದು ಎಣಿಸುತ್ತಾರೆ. ಅಂಥವನ್ನೆಲ್ಲ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರಿನಲ್ಲಿ ಸುಮಾರು ಕಾಲುಭಾಗವೇ ಆಗುತ್ತದಾದರೂ, ಒಂದೊಂದಾಗಿ ಅವು ಅಂಗಾಂಶ ಪರೀಕ್ಷಿಸುವ ಸಣ್ಣ ಊರಿನ ಪೆಥಾಲಜಿಸ್ಟರ ಕಣ್ಣಿಗೆ ಬೀಳುವುದೇ ಕಡಿಮೆ. ನನ್ನ ಮೊದಲ ವರದಿ ಗಡ್ಡೆಯನ್ನು ನಿರುಪದ್ರವಿ ಸ್ನಾಯುಗಡ್ಡೆಯೆಂದು ಕರೆದಿತ್ತು; ಸಿಡಿ117 ಎಂಬ ಪರೀಕ್ಷೆಯಾಗಿ ಜಿಸ್ಟ್ ಎಂದು ತಿಳಿಯುವ ಹೊತ್ತಿಗೆ ಎಂಟು ತಿಂಗಳು ಕಳೆದಿದ್ದವು.

ಆದುದರಿಂದ ಬಯಾಪ್ಸಿ ವರದಿಯ ಜೆರಾಕ್ಸ್ ಪ್ರತಿಯಷ್ಟೇ ಸಾಲದು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಊರಿನ ಲ್ಯಾಬಿನಿಂದ ಬರಹದಲ್ಲಿ ಅರ್ಜಿ ಕೊಟ್ಟು ಪಡೆಯುವಂತೆ, ಇಲ್ಲಿಗೆ ಹೊರಡುವ ಮೊದಲೇ ಫೋನಿನಲ್ಲಿ ತಿಳಿಸಬೇಕು. ಬ್ಲಾಕಿನ ಮೇಲಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಎಂದು ಕೌಂಟರಿನಲ್ಲೇ ತಾಳೆ ನೋಡಬೇಕು, ಇಲ್ಲಿ ಒಪ್ಪಿಸುವಾಗ ರಸೀದಿ ಪಡೆಯಬೇಕು. ಆ ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟುಹೋಗುವವರನ್ನು ಕಂಡಿದ್ದೇನೆ.

ಎರಡನೆಯ ಕೆಲಸ ಮಾತಿನದು. ಇಂಡಿ ತಾಲ್ಲೂಕಿನ ಒಬ್ಬ ತಾಯಿ ವೈದ್ಯರ ಹಿಂದಿಯ ಪ್ರಶ್ನೆಗಳಿಗೆಲ್ಲ ತಲೆಯಾಡಿಸುತ್ತಿದ್ದರು. ‘ದರ್ದ್’ ಇದೆಯೇ ಎಂದಾಗಲೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನ್ನೊಡನೆ, ‘ನೋವು ಅಲ್ರೀ, ಅಂಗೈಯಾಗ ಜೋಮು ಹಿಡೀತದ, ಗುಂಡಿ ಹಾಕ್ಕೋಳಾಕ ಬರೂದಿಲ್ಲ’ ಎಂದರು. ಕೀಮೋದಿಂದ ನರಗಳಿಗೆ ಪೆಟ್ಟಾಗಿರಬಹುದು ಎಂಬ ಈ ಸುಳಿವು ವೈದ್ಯರಿಗೆ ನೋವಿನ ಮಾತಿಗಿಂತ ಬೇರೆಯೇ ಅರ್ಥ ಕೊಡುತ್ತದೆ. ಹಾಗಾಗಿ ಒಳಗೆ ಹೋಗುವ ಮುನ್ನ ಹತ್ತು ನಿಮಿಷ ಕೂತು, ರೋಗಿಯ ಮಾತನ್ನು ರೋಗಿಯ ಪದಗಳಲ್ಲೇ ಬರೆದುಕೊಳ್ಳಬೇಕು, ಒಳಗೆ ಅದನ್ನು ಹಾಗೆಯೇ ದಾಟಿಸಬೇಕು. ‘ಅಂದರೆ ಇವರಿಗೆ ಹೀಗಾಗಿದೆ’ ಎಂಬ ನಮ್ಮ ವ್ಯಾಖ್ಯಾನ ಅಲ್ಲಿ ಬೇಡ.

ಔಷಧದ ವಿಷಯದಲ್ಲಂತೂ ಬಾಯಿ ಬಿಗಿಯಾಗಿರಬೇಕು. ಜಿಸ್ಟ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರಿಗೆ ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ ಬರುವುದುಂಟು; ಊಟದೊಡನೆ, ದೊಡ್ಡ ಲೋಟ ನೀರಿನ ಜೊತೆ ನುಂಗಬೇಕೆಂಬ ಸೂಚನೆಯನ್ನು ನೆನಪಿಸಬಹುದು. ಆದರೆ ‘ನನಗೂ ಹಾಗೇ ಆಗಿತ್ತು, ಅರ್ಧ ಮಾತ್ರೆ ಸಾಕು’ ಎಂದುಬಿಟ್ಟರೆ ನಾವು ಮಾಡಿದ ಉಪಕಾರವೆಲ್ಲ ಹೊಳೆಗೆ ಹೋದಂತೆ, ಏಕೆಂದರೆ ಮಾತ್ರೆ ನಿಂತಾಗ ಅಡಗಿದ್ದ ಗಡ್ಡೆ ಮತ್ತೆ ಬೆಳೆಯುವುದು ಸಾಮಾನ್ಯ. ಪ್ರಯಾಣದ ಬಗ್ಗೆ ಒಂದು ಮಾತು: ಚಿಕಿತ್ಸೆಗೆ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ಎಸಿ ದರ್ಜೆಗಳಲ್ಲಿ ರೈಲಿನ ದರ ಪೂರ್ತಿ ಮಾಫಿ, ಜೊತೆಗಾರರಿಗೆ ನೂರಕ್ಕೆ 75 ರಿಯಾಯಿತಿ, ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಬೇಕು.

ಸಂಶೋಧನೆಗಾಗಿ ದನಿಯೆತ್ತುವುದು ನಮಗಿಂತ ದೊಡ್ಡವರ ಕೆಲಸವೆಂದು ಹಲವರು ತಿಳಿದಿದ್ದಾರೆ. ಇಮ್ಯಾಟಿನಿಬನ್ನು ನೊವಾರ್ಟಿಸ್ ಕಂಪನಿ ಮಾರುವ ಹೆಸರಾದ ಗ್ಲಿವೆಕ್‌ನ ಪ್ರಕರಣವನ್ನು ಅವರಿಗೆ ಹೇಳಬೇಕು. ಅದರ ಪೇಟೆಂಟಿಗೆ ತಕರಾರು ಎತ್ತಿದವರಲ್ಲಿ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಕೂಡ ಇತ್ತು; 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿತು. ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿದ್ದ ಔಷಧದ ಜೆನೆರಿಕ್ ರೂಪ, ಅಂದರೆ ಬೇರೆ ಕಂಪನಿಗಳು ತಯಾರಿಸಿದ ಅದೇ ಔಷಧ, 8,000ದ ಆಸುಪಾಸಿನಲ್ಲಿ ಸಿಗುತ್ತಿತ್ತು. ನಾನು ಇವತ್ತು ನುಂಗುವುದು ಆ ಜೆನೆರಿಕ್ ಮಾತ್ರೆಯನ್ನೇ.

ನಮ್ಮಂಥವರು ಹಿಡಿಯಬಹುದಾದ ಹತ್ತಿರದ ದಾರಿಗಳೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದೇಶದ ಔಷಧ ಪ್ರಯೋಗಗಳು ನೋಂದಣಿಯಾಗಿರಬೇಕೆಂಬ ನಿಯಮ 2009ರಿಂದ ಇದೆ. ರೋಗದ ಹೆಸರು ಹಾಕಿ ಅಲ್ಲಿ ಹುಡುಕಿ, ಸಿಕ್ಕ ಪುಟವನ್ನು ಮುದ್ರಿಸಿ, ‘ಇದು ಇವರಿಗೆ ಹೊಂದುತ್ತದೆಯೇ?’ ಎಂದು ವೈದ್ಯರನ್ನು ಕೇಳಬಹುದು. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಪ್ರತಿ ನೈತಿಕ ಸಮಿತಿಯಲ್ಲೂ ವೈದ್ಯಕೀಯ ಕ್ಷೇತ್ರದವರಲ್ಲದ ಒಬ್ಬ ಸಾಮಾನ್ಯ ಸದಸ್ಯರು ಇರಲೇಬೇಕು. ಓದುಬರಹ ಬಲ್ಲ, ಪ್ರಶ್ನೆ ಕೇಳಲು ಹೆದರದ ಹಳೆಯ ರೋಗಿಗೆ ಆ ಕುರ್ಚಿ ಚೆನ್ನಾಗಿ ಒಪ್ಪುತ್ತದೆ. ತಾನು ಸಿದ್ಧನಿದ್ದೇನೆಂದು ಸಮಿತಿಯ ಕಾರ್ಯದರ್ಶಿಗೆ ಪತ್ರ ಬರೆಯುವುದರಲ್ಲಿ ಸಂಕೋಚ ಬೇಡ. ಓದಲು ಬಾರದ ರೋಗಿಯ ಸಮ್ಮತಿ ಪಡೆಯುವಾಗ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿದ್ದು ಸಹಿ ಹಾಕಬೇಕಾಗುತ್ತದೆ, ಆ ಸಾಕ್ಷಿ ಕನ್ನಡ ಬಲ್ಲವರಾದರೆ ರೋಗಿಗೆ ಎಷ್ಟೋ ಅನುಕೂಲ. ರೋಗಿ ‘ಬೇಡ’ ಎಂದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ದಾಟಿಸಬೇಕು; ಸಂಶೋಧನೆಯ ಮೇಲಿನ ನಮ್ಮ ಉತ್ಸಾಹ ಅಲ್ಲಿ ನುಸುಳಬಾರದು.

ಇಂಡಿಯ ಆ ತಾಯಿಗೆ ಉಳಿದ ಅಂಗಾಂಶವನ್ನು ಸಂಶೋಧನೆಗೆ ಕೊಡುವಿರಾ ಎಂಬ ಕಾಗದ ಬಂದಾಗ ಅದು ಇಂಗ್ಲಿಷಿನಲ್ಲಿತ್ತು. ರೋಗಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಕೊಡಬೇಕೆಂದು ಒಂದು ಪುಟದ ಅರ್ಜಿ ಬರೆದುಕೊಟ್ಟೆವು. ಕನ್ನಡದ ಪ್ರತಿ ಕೈಗೆ ಬರಲು ಎರಡು ವಾರ ಹಿಡಿಯಿತು, ಅಲ್ಲಿಯವರೆಗೆ ಅವರು ಹೆಬ್ಬೆಟ್ಟು ಒತ್ತಲಿಲ್ಲ. ನಾಲ್ಕು ಪುಟವನ್ನು ಓದಿಸಿ ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ: ‘ನಾಳೆ ನನಗ ಬೇಕಾದ್ರ ಆ ಬ್ಲಾಕು ವಾಪಸ್ ಸಿಗತೈತೇನು?’ ಕಾಗದ ತಂದಿದ್ದ ಸಂಶೋಧನಾ ಸಮನ್ವಯಕಿ ಅದಕ್ಕೆ ಉತ್ತರ ತರಲು ಎದ್ದು ಒಳಗೆ ಹೋದರು.