ಕಲ್ಲಿನ ಸಂದಿಯಲ್ಲಿರುವ ಮೊರೆ ಈಲ್ ನೋಡುವ ಕ್ರಮ

ಕುಂಬಳೆಯಿಂದ ನಾವು ನಾಲ್ಕು ಜನ ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಹೋಗಿ ಬಂದ ಮೇಲೆ ಊರಲ್ಲಿ ಎಲ್ಲರೂ ಕೇಳೋದು ಒಂದೇ, ಆ ಹಾವುಮೀನು, ಅಂದ್ರೆ ಮೊರೆ ಈಲ್, ಕಾಣ್ಲಿಕ್ಕೆ ಸಿಗ್ತದಾ ಅಂತ. ಸಿಗ್ತದೆ, ಆದ್ರೆ ಹುಡುಕುವ ಕ್ರಮ ಗೊತ್ತಿರ್ಬೇಕು.

ಮಳೆಗಾಲದಲ್ಲಿ ಹೋಗ್ಬೇಡಿ, ಮುರ್ಡೇಶ್ವರದಿಂದ ಬೋಟೇ ಹೊರಡುದಿಲ್ಲ. ನೀರಿಗಿಳಿದ ಮೇಲೆ ಮೀನಿನ ಹಿಂದೆ ಓಡ್ಬೇಡಿ, ಬಂಡೆಯ ಸಂದಿ ಒಂದೊಂದೇ ನಿಧಾನ ನೋಡ್ತಾ ಹೋಗಿ. ನಮ್ಮಲ್ಲಿ ಮುರಕಲ್ಲಿನ ಕಟ್ಟೆ ತೂತಿಂದ ಕೇರೆ ಹಾವು ತಲೆ ಹೊರಗೆ ಹಾಕಿ ನೋಡ್ತದಲ್ಲಾ, ಥೇಟ್ ಹಾಗೇ, ಮೈಯೆಲ್ಲ ಒಳಗೆ, ತಲೆ ಮಾತ್ರ ಹೊರಗೆ. ಇವು ಬೇಟೆಗೆ ಹೊರಡೋದು ಹೆಚ್ಚಾಗಿ ರಾತ್ರಿ, ಹಗಲಿಗೆ ಹೀಗೇ ಕೂತಿರ್ತವೆ. ಬಿಳಿ ಮೈಮೇಲೆ ಜೇನುಗೂಡಿನ ಹಾಗೆ ಕಪ್ಪು ಮಚ್ಚೆ ಒತ್ತೊತ್ತಾಗಿ ಇದ್ರೆ ಅದು ಹನಿಕೋಂಬ್ ಮೊರೆ, ನಾನು ಕಂಡದ್ದು ಅದನ್ನೇ. ಒಂದು ಸಣ್ಣ ಸಿಗಡಿ ಅದರ ಬಾಯಿ ಹತ್ರ ಹತ್ತಿ ಹಲ್ಲಿನ ಸಂದಿ ಕ್ಲೀನ್ ಮಾಡ್ತಾ ಇತ್ತು, ಮೊರೆ ಮಿಸುಕಾಡ್ಲಿಲ್ಲ, ನಾನು ಉಸಿರು ಬಿಡ್ಲಿಕ್ಕೂ ಹೆದ್ರಿ ನೋಡ್ತಾ ಇದ್ದೆ (ನೀವು ಹಾಗೆ ಮಾಡ್ಬೇಡಿ, ಸ್ಕೂಬಾದಲ್ಲಿ, ಅಂದ್ರೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗುವಾಗ, ಉಸಿರು ಯಾವತ್ತೂ ಹಿಡೀಬಾರ್ದು).

ಬಾಯಿ ತೆರೆದು ಮುಚ್ಚಿ ಮಾಡೋದು ಕಚ್ಲಿಕ್ಕೆ ಅಲ್ಲ, ನೀರನ್ನ ಕಿವಿರಿಗೆ ಹಾಯಿಸ್ಲಿಕ್ಕೆ, ಅದರ ಉಸಿರಾಟವೇ ಹಾಗೆ. ಆದ್ರೂ ಎರಡು ಮೀಟರ್ ದೂರ ಇರಿ, ಟಾರ್ಚ್ ನೇರ ಕಣ್ಣಿಗೆ ಹಿಡೀಬೇಡಿ, ಅದು ತಲೆ ಒಳಗೆ ಎಳ್ಕೊಂಡ್ರೆ ನೀವು ಹತ್ರ ಆದ್ರಿ ಅಂತ ಅರ್ಥ, ಹಿಂದೆ ಬನ್ನಿ.

ಮುಖ್ಯ ವಿಷಯ ಕೈ. ಸೆಳೆತ ಜೋರಾದಾಗ ಬಂಡೆ ಹಿಡೀಲಿಕ್ಕೆ ಅಂತ ಕಾಣದ ತೂತಿಗೆ ಕೈ ಹಾಕ್ತೇವೆ, ಕಚ್ಚಿಸಿಕೊಳ್ಳೋದು ಹಾಗೇ. ಅದಕ್ಕೆ ಬೊಯೆನ್ಸಿ, ಅಂದ್ರೆ ಮುಳುಗದೆ ಮೇಲೇಳದೆ ನೀರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುವ ಕ್ರಮ, ಮೊದ್ಲೇ ಕಲ್ತು ಹೋಗಿ. ತಿನ್ನಿಸ್ಲಿಕ್ಕಂತೂ ಹೋಗ್ಲೇಬೇಡಿ, ಅದಕ್ಕೆ ಕಣ್ಣು ಮಂದ, ಮೂಗು ಚುರುಕು, ಮೀನಿನ ವಾಸನೆ ಬರುವ ಬೆರಳು ಯಾವುದು ಮೀನು ಯಾವುದು ಅಂತ ಗೊತ್ತಾಗೋದಿಲ್ಲ ಪಾಪ. ಗಂಟಲೊಳಗೆ ಇನ್ನೊಂದು ಜೊತೆ ದವಡೆ ಬೇರೆ ಉಂಟು, ಹಿಡಿದದ್ದನ್ನ ಅದು ಮುಂದೆ ಬಂದು ಒಳಗೆ ಎಳೀತದೆ, 2007ರಲ್ಲಿ ವಿಜ್ಞಾನಿಗಳು ಇದನ್ನ ವಿಡಿಯೋ ಮಾಡಿಯೇ ತೋರಿಸಿದ್ರು. ಅಕಸ್ಮಾತ್ ಕಚ್ಚಿದ್ರೆ ಜಗ್ಗಬೇಡಿ, ಹಲ್ಲು ಹಿಂದಕ್ಕೆ ಬಾಗಿರೋದ್ರಿಂದ ಚರ್ಮ ಹರೀತದೆ. ಬಿಟ್ಟ ಮೇಲೆ ಗಾಯ ಒತ್ತಿ ಹಿಡಿದು ಇನ್‌ಸ್ಟ್ರಕ್ಟರ್ ಜೊತೆ ನಿಧಾನ ಮೇಲೆ ಬನ್ನಿ, ಚೆನ್ನಾಗಿ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ, ಸಣ್ಣ ಗಾಯ ಅಂತ ಬಿಟ್ರೆ ಕೀವಾಗ್ತದೆ.