ಓಪನ್ ಮ್ಯಾರೇಜ್‌ನಲ್ಲಿ ಮೂರನೆಯವರ ಪಾಲು: ನನ್ನ ಅನುಭವ

ನಮ್ಮದು ಓಪನ್ ಮ್ಯಾರೇಜ್, ಅಂದರೆ ಇಬ್ಬರೂ ಒಪ್ಪಿಕೊಂಡೇ ಹೊರಗೆ ಬೇರೆಯವರ ಜೊತೆ ಸಂಬಂಧ ಇಟ್ಟುಕೊಳ್ಳುವ ಮದುವೆ. ಇದನ್ನು ಹೇಳಿದರೆ ಗೆಳತಿಯರು ಮೊದಲು ಕೇಳುವುದು "ಹೊಟ್ಟೆಕಿಚ್ಚು ಆಗಲ್ವೇನೇ?" ಅಂತ. ಆಗುತ್ತದೆ. ಆದರೆ ನಾನೂ ನನ್ನ ಗಂಡನೂ ಒಂದೇ ಮನೆಯಲ್ಲಿ ಇರುವವರು, ಊಟ ಆದ ಮೇಲೆ ಕೂತು ಜಗಳ ಆಡಿಯಾದರೂ ಬಗೆಹರಿಸಿಕೊಳ್ಳುತ್ತೇವೆ. ಮೋಸ ಹೋಗುವ ಸಾಧ್ಯತೆ ಜಾಸ್ತಿ ಇರುವುದು ಹೊರಗಿಂದ ಬರುವ ಮೂರನೆಯವರಿಗೆ. ನಾವಿಬ್ಬರು ಮಾತಾಡಿಕೊಂಡಾಗ ಅವರು ಅಲ್ಲಿ ಇರಲೇ ಇಲ್ಲ, ಅಲ್ವಾ?

ಹಾಗಾಗಿ ಡೇಟಿಂಗ್ ಆ್ಯಪ್‌ನಲ್ಲೇ ಬರೆದಿರುತ್ತೇನೆ: ಮದುವೆಯಾಗಿದೆ, ಗಂಡನಿಗೆ ಗೊತ್ತು. ಮುಖದ ಫೋಟೊ ಮಾತ್ರ ಹಾಕುವುದಿಲ್ಲ, ಬೆಂಗಳೂರಿನಲ್ಲಿ ಯಾವ ಚಿಕ್ಕಮ್ಮನ ಮಗ ನೋಡುತ್ತಾನೋ ಹೇಳಲಾಗದು. ಗಂಡನಿಗೆ ಗೊತ್ತು ಅಂತ ಯಾರು ಬೇಕಾದರೂ ಬರೆಯಬಹುದು, ಅದಕ್ಕೇ ನಂಬಿಕೆ ಬಾರದವರಿಗೆ ಗಂಡನ ಜೊತೆ ವಿಡಿಯೊ ಕಾಲ್ ಮಾಡಿಸುತ್ತೇನೆ. ಮದುವೆಯಾದ ಗಂಡಸರಿಂದ ನಾನೂ ಅದನ್ನೇ ಕೇಳುತ್ತೇನೆ. "ಅವಳಿಗೆ ಗೊತ್ತು, ಆದರೆ ಮಾತಾಡೋಕೆ ಇಷ್ಟ ಇಲ್ಲ" ಎಂದರೆ ಅಲ್ಲಿಗೆ ಮುಗಿಯಿತು. ಕೆಲವರ ವಿಷಯದಲ್ಲಿ ಅದು ನಿಜವೇ ಇರಬಹುದು, ಇರಲಿ.

ಮದುವೆಯ ಆಸೆ ಹುಟ್ಟಿಸಬಾರದು. ನನ್ನ ಗಂಡ ಇದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳುತ್ತಾನೆ, ಯಾಕೆಂದರೆ "ಮುಂದೆ ನೋಡೋಣ" ಅನ್ನುವ ಒಂದು ಮಾತು ಹಿಡಿದುಕೊಂಡು ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾನೂನೂ ಇದೆ. ಉದ್ದೇಶ ಇಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನ ಜೊತೆ ಲೈಂಗಿಕ ಸಂಬಂಧ ಬೆಳೆಸಿದರೆ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಜೈಲು. 2018ರಲ್ಲಿ ಸುಪ್ರೀಂ ಕೋರ್ಟ್ ಪರಸಂಗವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 497ನೇ ಸೆಕ್ಷನ್ ತೆಗೆದುಹಾಕಿದ್ದರಿಂದ ಎಲ್ಲ ಸಲೀಸು ಅಂದುಕೊಂಡವರು ಬಹಳ ಮಂದಿ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಈಗಲೂ ವಿಚ್ಛೇದನಕ್ಕೆ ಕಾರಣವೇ.

ಇನ್ನು ಲೈಂಗಿಕ ರೋಗಗಳ ಟೆಸ್ಟ್ ವಿಷಯ. "ರಿಪೋರ್ಟ್ ನೆಗೆಟಿವ್" ಎನ್ನುವವರನ್ನು ನಾನು ಎರಡು ಪ್ರಶ್ನೆ ಕೇಳುತ್ತೇನೆ: ಯಾವತ್ತಿನದು, ಆಮೇಲೆ ಯಾರ ಜೊತೆಗಾದರೂ ಇದ್ದೆಯಾ? ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ಆ್ಯಂಟಿಜೆನ್-ಆ್ಯಂಟಿಬಾಡಿ ಟೆಸ್ಟ್‌ನಲ್ಲೂ ಎಚ್‌ಐವಿ ಕಾಣಿಸಲು 18ರಿಂದ 45 ದಿನ ಬೇಕು, ಅಂದರೆ ಹೋದ ವಾರದ ಘಟನೆಗೆ ಈ ವಾರದ ರಿಪೋರ್ಟ್ ಸುಮ್ನೆ ಕಾಗದ. ಗೊನೋರಿಯಾ, ಕ್ಲಮೈಡಿಯಾ ರಕ್ತದಲ್ಲಿ ಸಿಗುವುದಿಲ್ಲ, ಮೂತ್ರ ಅಥವಾ ಸ್ವಾಬ್ ಕೊಡಬೇಕು, ಲ್ಯಾಬ್‌ನಲ್ಲಿ ಬಾಯಿಬಿಟ್ಟು ಕೇಳಬೇಕು. ಕಾಂಡೋಮ್ ಹಾಕಿದರೂ ಹರ್ಪಿಸ್, ಎಚ್‌ಪಿವಿಯಿಂದ ಪೂರ್ತಿ ರಕ್ಷಣೆ ಇಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಟೆಸ್ಟ್ ಉಚಿತ, ಗುಟ್ಟನ್ನೂ ಕಾಪಾಡುತ್ತಾರೆ. ಕಾಂಡೋಮ್ ಹರಿದರೆ ನಮ್ಮಲ್ಲಿ ಒಂದೇ ನಿಯಮ: ಸಂಬಂಧಪಟ್ಟ ಎಲ್ಲರಿಗೂ ಅವತ್ತೇ ಹೇಳಬೇಕು. ಎಚ್‌ಐವಿ ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು, ನಾಚಿಕೆಯಲ್ಲಿ ಎರಡು ದಿನ ಕಳೆಯುವ ಹಾಗಿಲ್ಲ.

ಹಾಗಂತ ಎಲ್ಲವನ್ನೂ ಗಂಡನಿಗೆ ಒಪ್ಪಿಸುವುದಿಲ್ಲ. ಆರೋಗ್ಯದ ವಿಷಯ ಹೇಳುತ್ತೇನೆ, ಎಲ್ಲಿದ್ದೇನೆ ಅಂತ ಹೇಳುತ್ತೇನೆ. ಇನ್ನೊಬ್ಬರು ನಂಬಿ ಹೇಳಿಕೊಂಡ ಮನೆ ಕಷ್ಟ, ಅವರ ಚಾಟ್‌ನ ಸ್ಕ್ರೀನ್‌ಶಾಟ್ ಇವೆಲ್ಲ ನಮ್ಮ ಮನೆಯ ಮಾತಲ್ಲ.

ವೀಟೊ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಗಂಡ ಅಥವಾ ಹೆಂಡತಿ "ಬೇಡ" ಎಂದ ಕೂಡಲೇ ಹೊರಗಿನ ಸಂಬಂಧ ಕಡಿದುಹಾಕಬೇಕು ಅಂತ ಎಷ್ಟೋ ಜೋಡಿಗಳು ನಿಯಮ ಇಟ್ಟುಕೊಂಡಿರುತ್ತವೆ. ನಾವು ಇಟ್ಟಿಲ್ಲ. ಮುಖವನ್ನೇ ನೋಡದ ಯಾರೋ ಮನೆಯಲ್ಲಿ ಕೂತು ನನ್ನನ್ನು ಬೇಡ ಅಂದರು ಅಂತ ಗೊತ್ತಾದರೆ ನನಗಾದರೆ ಹೇಗಿರುತ್ತದೆ? "ನನಗೆ ಕಷ್ಟ ಆಗ್ತಿದೆ, ಸ್ವಲ್ಪ ನಿಧಾನ" ಎಂದು ಹೇಳಬಹುದು, ಹೇಳಿದ್ದೂ ಇದೆ.

ಜೋಡಿಯಾಗಿ ನಮ್ಮನ್ನು ಭೇಟಿಯಾಗಲು ಬರುವವರಲ್ಲಿ ನಾನು ನೋಡುವುದು ಕಡಿಮೆ ಮಾತಾಡುವವರನ್ನು. "ನಿಮಗೆ ಹೇಗನ್ನಿಸುತ್ತೆ?" ಅಂತ ಹೆಂಡತಿಯನ್ನು ಕೇಳಿದಾಗ ಗಂಡನೇ ಉತ್ತರ ಕೊಟ್ಟರೆ, ಕಾಫಿ ಮುಗಿಸಿ ಎದ್ದು ಬರುತ್ತೇವೆ.